ಹಲಸಿನ ಬಣ್ಣದ ಚೀವರ

"ಚೀವರಾನ ನಾವೇ ಹೊಲಿದು ಕೊಡ್ತೀವಿ" ಎಂದು ಸೌಮ್ಯ ಎದ್ದು ನಿಂತು ಹೇಳಿಬಿಟ್ಟಳು. ವಿಹಾರದಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಆದರೆ ಆ ಮಾತು ಕೇಳಿ ಎಲ್ಲರಿಗಿಂತ ಹೆಚ್ಚು ಬೆರಗಾದವಳು ಅವಳೇ.

ತೊರೆಕೊಪ್ಪಲು ಭಾರತೀನಗರದಿಂದ ಮಳವಳ್ಳಿ ಕಡೆಗೆ ಹೋಗುವಾಗ ನಾಲೆ ದಾಟಿದ ಮೇಲೆ ಸಿಗುವ ಊರು. ಆ ಊರಿನ ಕೆಳಗಿನ ಬೀದಿಯವರು ತಾವೇ ಇಟ್ಟಿಗೆ ಹೊತ್ತು ಕಟ್ಟಿಕೊಂಡ ಬುದ್ಧವಿಹಾರಕ್ಕೆ ಆ ವರ್ಷ ಮೊದಲ ಸಲ ಒಬ್ಬ ಭಿಕ್ಖು ಬಂದು ಮಳೆಗಾಲವಿಡೀ ಉಳಿದಿದ್ದರು. ಕಲಬುರಗಿ ಸೀಮೆಯ ಎತ್ತರದ ಆಳು. ಹೆಸರು ಉದ್ದವಾಗಿದ್ದದ್ದರಿಂದ ಊರವರು ಭಂತೇಜಿ ಎಂದಷ್ಟೇ ಕರೆಯುತ್ತಿದ್ದರು. ಹಾಗೆ ಮಳೆಗಾಲ ಕಳೆದ ಭಿಕ್ಖುವಿಗೆ, ಮಳೆ ಮುಗಿದ ಮೇಲೆ ಊರವರು ಹೊಸ ಚೀವರ, ಅಂದರೆ ಮೈಮೇಲೆ ಹೊದೆಯುವ ಕಾವಿಬಟ್ಟೆ, ದಾನ ಕೊಡುವುದು ಪದ್ಧತಿ. ದೀಪಾವಳಿ ಕಳೆದ ಮೇಲಿನ ಭಾನುವಾರ ಅದಕ್ಕೆ ನಿಗದಿಯಾಗಿತ್ತು. ವಿಹಾರದ ಅಧ್ಯಕ್ಷ ಅಂಕಯ್ಯ, ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾದವರು, ಸೌಮ್ಯಳ ಮಾವ. "ನಾಗಪುರದಲ್ಲಿ ರೆಡಿ ಸಿಕ್ತದೆ. ಒಂದು ಪೋನ್ ಮಾಡುದ್ರೆ ಪಾರ್ಸಲ್ ಬತ್ತದೆ" ಎಂದು ಅವರು ಮಾತು ಮುಗಿಸುವಷ್ಟರಲ್ಲೇ ಸೊಸೆ ಎದ್ದು ನಿಂತಿದ್ದು.

"ನಿಂಗೆ ಬರ್ತದಾ ಮಗ?" ಎಂದು ಅಂಕಯ್ಯ ಎಲ್ಲರೆದುರೇ ಕೇಳಿದರು.

"ಕಲೀತೀನಿ ಮಾವ."

ಹಿಂದಿನಿಂದ ಯಾರೋ ನಕ್ಕರು. ಆದರೆ ಬುದ್ಧನ ಮೂರ್ತಿಯ ಪಕ್ಕ ಕೂತಿದ್ದ ಭಂತೇಜಿ ನಗಲಿಲ್ಲ. ಕಣ್ಣರಳಿಸಿ ಒಮ್ಮೆ ನೋಡಿ, ಹೂಂ ಎಂಬಂತೆ ತಲೆಯಾಡಿಸಿದರು. ಆ ತಲೆಯಾಡಿಕೆಯಿಂದ ಸೌಮ್ಯಳ ಎದೆಯಲ್ಲಿ ಏನೋ ಡವಡವ ಶುರುವಾಯಿತು. ಅದು ಹೆದರಿಕೆಯಲ್ಲ, ಚಿಕ್ಕಂದಿನಲ್ಲಿ ನಾಳೆ ಪ್ರವಾಸ ಎಂದು ಸಾಲೆಯಲ್ಲಿ ಹೇಳಿದ ದಿನ ಆಗುತ್ತಿತ್ತಲ್ಲ, ಅಂಥದ್ದು.

ಅವಳು ಮಂಡ್ಯದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಮನೆಯಲ್ಲಿ ಹೊಲಿಗೆ ಮಿಷನ್ ಇತ್ತು, ರವಿಕೆ ಹೊಲಿಯುತ್ತಿದ್ದಳು, ದಿಂಬಿಗೆ ಗವಸು ಹಾಕುತ್ತಿದ್ದಳು. ಅದಕ್ಕಿಂತ ದೊಡ್ಡದನ್ನು ಮುಟ್ಟಿದವಳಲ್ಲ.

ಮನೆಗೆ ಹೋಗುವ ದಾರಿಯುದ್ದಕ್ಕೂ ಅತ್ತೆ ಪಟ್ಟಲಮ್ಮ ಬಯ್ದರು. "ಯಾಕಮ್ಮಿ ಅಂಗೆ ಬಾಯ್ಬುಟ್ಟೆ? ನಾಕ್ ಜನ ಬಂದು ನೋಡೋ ಬಟ್ಟೆ ಕಣಮ್ಮ ಅದು. ಎಲ್ಲಾರ ಸೊಟ್ಟಗಾದ್ರೆ?"

"ಸೊಟ್ಟಗಾದ್ರೆ ಬಿಚ್ಚಿ ಹೊಲಿಯೋದು ಅತ್ತೆ. ದಸರಾ ರಜ ಪೂರ್ತಿ ಇದೆ."

"ಬರೀ ಚೀವರ ಯಾಕೆ ಅತ್ತಿಗೆ?" ಎಂದಳು ಜೊತೆಗೆ ಬರುತ್ತಿದ್ದ ನಾದಿನಿ ಮಂಜುಶ್ರೀ. ಅವಳು ಭಾರತೀನಗರದ ಕಾಲೇಜಿನಲ್ಲಿ ಕೊನೇ ವರ್ಷದ ಬಿ.ಕಾಂ. ಓದುತ್ತಿದ್ದಳು, ಓದಿಗಿಂತ ಮೊಬೈಲಿನಲ್ಲಿ ಅಡುಗೆ ನೋಡುವುದು ಹೆಚ್ಚು. "ಆವತ್ತು ಮೈಸೂರು, ಬೆಂಗ್ಳೂರಿಂದೆಲ್ಲ ಭಂತೇಗಳು ಬತ್ತಾರಂತೆ. ಊಟಕ್ಕೆ ನಾನು ಕೇಕ್ ಮಾಡ್ತೀನಿ. ರಾಗಿ ಕೇಕು. ಮೊಟ್ಟೆ ಹಾಕ್ದಂಗೆ, ಬೆಲ್ಲದಲ್ಲಿ."

"ನಮ್ಮ ಭಂತೇಜಿಗೆ ಚಳಿಗೆ ಟೋಪಿ ಬೇಡವಾ? ನಾನು ಉಲ್ಲನ್ ಟೋಪಿ ಹೆಣೀತೀನಿ" ಎಂದಳು ಸೌಮ್ಯ ಇನ್ನಷ್ಟು ಉತ್ಸಾಹದಲ್ಲಿ.

"ನಿಂಗೆ ಎಣ್ಯಕ್ಕೆ ಬರ್ತದಾ?" ಎಂದರು ಅತ್ತೆ.

"ಅದೂ ಕಲೀತೀನಿ."

ಪಟ್ಟಲಮ್ಮ ನಿಂತುಬಿಟ್ಟರು. "ಒಂದ್ಕೇ ಗತಿ ಕಾಣೆ, ಮೂರು ಎಳ್ಕೊಂಡ್ರಲ್ಲ! ಅತ್ಗೆ ನಾದ್ನಿ ಇಬ್ರೂ ಸೇರಿ ನನ್ ಮನೇನ ಅಂಗ್ಡಿ ಮಾಡ್ಬುಟ್ಟೀರಿ, ಉಸಾರು" ಎಂದು ಕೈ ಆಡಿಸಿದರು. ಆದರೆ ಅವರ ತುಟಿಯ ಅಂಚಿನಲ್ಲಿ ನಗು ಜಾರುತ್ತಿದ್ದುದು ಇಬ್ಬರಿಗೂ ಕಂಡಿತು.

*

ಮರುದಿನ ಬೆಳಗ್ಗೆ ಸೌಮ್ಯ ಅಂಗಳಕ್ಕೆ ನೀರು ಹಾಕಿ ಗುಡಿಸಿದವಳು, ರಂಗೋಲಿ ಬದಲು ಚೀವರವನ್ನೇ ಬರೆಯಲು ಕೂತಳು. ಅಳತೆ ಮನಸ್ಸಿನಲ್ಲಿ ಕೂರಬೇಕಾದರೆ ಪೂರ್ಣ ಗಾತ್ರದಲ್ಲೇ ಬರೆಯಬೇಕು ಅನ್ನಿಸಿತ್ತು. ಉದ್ದಕ್ಕೆ ಐದು ಪಟ್ಟೆ. ಪ್ರತಿ ಪಟ್ಟೆಯಲ್ಲೂ ಒಂದು ದೊಡ್ಡ ತುಂಡು, ಒಂದು ಚಿಕ್ಕ ತುಂಡು, ನಡುವೆ ಅಡ್ಡಗೆರೆ. ಒಂದು ಪಟ್ಟೆಯಲ್ಲಿ ಚಿಕ್ಕದು ಮೇಲಿದ್ದರೆ ಪಕ್ಕದ್ದರಲ್ಲಿ ಕೆಳಗೆ. ಸುತ್ತಲೂ ಅಂಚು. ಹಾಲಿನ ಚೊಂಬು ಹಿಡಿದು ಬಾಗಿಲಿಗೆ ಬಂದ ಪಟ್ಟಲಮ್ಮ ಹೊಸಿಲಲ್ಲೇ ನಿಂತರು.

"ಇದೇನಮ್ಮಿ, ಅಂಗಳದ್ ತುಂಬ ಗದ್ದೆ ಮಾಡಿದ್ದೀಯ? ಬದ ಎಲ್ಲಾ ಸರ್ಯಾಗದೆ. ನೀರು ಬುಡೋದೊಂದು ಬಾಕಿ."

ಅದೇ ಹೊತ್ತಿಗೆ ಭಂತೇಜಿ ಭಿಕ್ಷಾಪಾತ್ರೆ ಹಿಡಿದು ಬೀದಿಯಲ್ಲಿ ಬಂದರು. ಆ ಮಾತು ಕಿವಿಗೆ ಬಿದ್ದು ಅವರಿಗೆ ನಗು ತಡೆಯಲಾಗಲಿಲ್ಲ.

"ಖರೇ ಅಂದ್ರಿ ಅವ್ವ. ಇದು ಗದ್ದೀನೇ ಅದ. ಭಗವಾನರು ಮಗಧದಾಗ ನಡ್ಕೋತ ಹೋಗುವಾಗ ಗದ್ದಿ, ಅದರ ಬದು ನೋಡಿದ್ರಂತ. ಭಿಕ್ಖುಗಳ ಬಟ್ಟಿ ಹಿಂಗ ಹೊಲಿಲಿಕ್ಕೆ ಆಗ್ತದೇನು ಅಂತ ಶಿಷ್ಯ ಆನಂದಗ ಕೇಳಿದ್ರಂತ. ಅವತ್ತಿಂದ ನಮ್ಮ ಮೈಮ್ಯಾಲ ಗದ್ದಿ."

ಪಟ್ಟಲಮ್ಮ ಚೊಂಬು ಕೆಳಗಿಟ್ಟರು. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಮಂಡಿಯುದ್ದ ಕೆಸರಲ್ಲಿ ಬಗ್ಗಿ ಪೈರು ನೆಟ್ಟ ಹೆಂಗಸು ಅವರು. ಭಂತೇಜಿಯ ಹೆಗಲ ಮೇಲಿದ್ದ ಹಳೇ ಚೀವರವನ್ನು ಮೊದಲ ಸಲ ನೋಡುವವರಂತೆ ನೋಡಿದರು. ಅದರಲ್ಲೂ ಬದುಗಳಿದ್ದವು, ಮಾಸಿ ಹೋಗಿ, ಅಲ್ಲಲ್ಲಿ ತೇಪೆ ಬಿದ್ದು.

"ಮೂರು ತಿಂಗ್ಳಿಂದ ನೋಡ್ತಾವ್ನಿ, ನನ್ ಕಣ್ಗೆ ಬೀಳ್ನಿಲ್ವಲ್ಲ" ಎಂದರು ಮೆಲ್ಲಗೆ.

"ಐದೇ ಪಟ್ಟೆ ಇರಬೇಕಾ ಭಂತೇ?" ಸೌಮ್ಯ ಕೇಳಿದಳು.

"ಐದು, ಏಳು, ಒಂಬತ್ತು. ಬೆಸ ಇದ್ರ ಆತು." ಅಷ್ಟು ಹೇಳಿ, ಪಟ್ಟಲಮ್ಮ ಹಾಕಿದ ಅನ್ನ ಸಾರು ತೆಗೆದುಕೊಂಡು ಅವರು ಮುಂದಿನ ಮನೆಗೆ ಹೋದರು. ಅವತ್ತಿನಿಂದ ಪಟ್ಟಲಮ್ಮ ಬಯ್ಯುವುದನ್ನು ಬಿಟ್ಟರು. ಬದಲಿಗೆ ಹೊತ್ತಿಗೊಮ್ಮೆ "ಬಟ್ಟೆ ಯಾವಾಗ ತತ್ತೀಯಮ್ಮಿ?" ಎಂದು ಕೇಳತೊಡಗಿದರು.

ಸಾಲೆಗೆ ಹೋಗುವ ಬಸ್ಸಿನಲ್ಲಿ ಸೌಮ್ಯಳ ಪಕ್ಕ ದಿನಾ ಕೂರುವವಳು ನಯನ. ಅದೇ ಊರಿನ ಮೇಲಿನ ಬೀದಿಯ ದೊಡ್ಡ ಬೇಸಾಯದ ಮನೆಯ ಸೊಸೆ, ಅದೇ ಸಾಲೆಯಲ್ಲಿ ಗಣಿತದ ಮೇಷ್ಟ್ರು. ಚಳಿಗಾಲ ಬರುತ್ತಿದ್ದಂತೆ ಅವಳ ಬ್ಯಾಗಿನಿಂದ ಕಡ್ಡಿ, ಉಲ್ಲನ್ ಹೊರಗೆ ಬರುವುದು ವಾಡಿಕೆ. ಸೌಮ್ಯ ಟೋಪಿಯ ವಿಷಯ ಹೇಳಿದ್ದೇ ತಡ, ಇನ್ನೊಂದು ಜೊತೆ ಕಡ್ಡಿ ತೆಗೆದು ಅವಳ ಕೈಗಿಟ್ಟಳು.

"ಹಿಂಗೆ ಹಾಕು, ಹಿಂಗೆ ಎಳಿ, ಹಿಂಗೆ ಬುಡು. ಅಷ್ಟೇ ಕಣೆ. ಉಳಿದಿದ್ದೆಲ್ಲ ಲೆಕ್ಕ."

ಅಷ್ಟೇ ಆಗಿರಲಿಲ್ಲ. ಡ್ರೈವರು ಬ್ರೇಕು ಹಾಕಿದಾಗೆಲ್ಲ ಸೌಮ್ಯಳ ಕಡ್ಡಿಯಿಂದ ಕುಣಿಕೆಗಳು ಜಾರುತ್ತಿದ್ದವು. ಭಾರತೀನಗರದಲ್ಲಿ ಕಬ್ಬಿನ ಗಾಡಿಗಳ ಹಿಂದೆ ಬಸ್ಸು ಸಿಕ್ಕಿಕೊಂಡಾಗ ಮಾತ್ರ ಕೈ ಓಡುತ್ತಿತ್ತು. ಮೊದಲೆಲ್ಲ ಆ ಗಾಡಿಗಳನ್ನು ಬಯ್ಯುತ್ತಿದ್ದವಳು ಈಗ "ಇನ್ನೊಂದೆರಡು ಗಾಡಿ ಬರಲಿ" ಅನ್ನುವ ಹಂತಕ್ಕೆ ಬಂದಳು. ಮೊದಲ ಟೋಪಿ ಮುಗಿದ ದಿನ ನಯನ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, "ಚೆನ್ನಾಗದೆ. ಕುಂಬಳಕಾಯಿಗೆ ಚಳಿ ಆಗಲ್ಲ ಬುಡು" ಎಂದಳು. ಇಬ್ಬರೂ ನಕ್ಕ ನಗೆಗೆ ಕಂಡಕ್ಟರು ತಿರುಗಿ ನೋಡಿದ. ಸೌಮ್ಯ ಪೂರ್ತಿ ಬಿಚ್ಚಿ, ಮತ್ತೆ ಮೊದಲಿಂದ ಶುರುಮಾಡಿದಳು.

ಒಂದು ಸಂಜೆ ಸಾಲೆ ಬಿಟ್ಟ ಮೇಲೆ ಇಬ್ಬರೂ ಮಂಡ್ಯದ ಪೇಟೆಬೀದಿ ಅಲೆದು, ನಾಲ್ಕಾರು ಅಂಗಡಿ ಹತ್ತಿಳಿದು, ಮೆತ್ತಗಿನ ಬಿಳಿ ಕಾಟನ್ ಥಾನು ಹುಡುಕಿದರು. ಬಸ್ಸಿನಲ್ಲಿ ಜಾಗವಿಲ್ಲದೆ ಆ ಥಾನನ್ನು ಮಗುವಿನ ಹಾಗೆ ಎದೆಗವಚಿಕೊಂಡು ಸೌಮ್ಯ ನಿಂತೇ ಬಂದಳು. ಕಾಲು ನೋಯಲಿಲ್ಲ.

ಇತ್ತ ಮನೆಯಲ್ಲಿ ಮಂಜುಶ್ರೀಯ ಕೇಕು ನಡೆದಿತ್ತು. ಓವನ್ ಇರಲಿಲ್ಲ. ದೊಡ್ಡ ಕುಕ್ಕರಿನ ತಳಕ್ಕೆ ಮರಳು ಹಾಸಿ, ಅದರ ಮೇಲೆ ಹಿಟ್ಟಿನ ಬಟ್ಟಲಿಟ್ಟು, ಸಣ್ಣ ಉರಿಯಲ್ಲಿ ಬೇಯಿಸುವುದು ಅವಳ ಉಪಾಯ. ಮೊದಲ ಕೇಕು ಹೊರಗೆ ಬಂದಾಗ ಚಾಕು ಇಳಿಯಲಿಲ್ಲ. ಅಂಕಯ್ಯ ಅದನ್ನು ಒಡೆದು, ಟೀಯಲ್ಲಿ ಅದ್ದಿ ಅದ್ದಿ, ಎರಡು ದಿನ ತಿಂದರು. ಎರಡನೆಯದು ಉಬ್ಬಿತು, ಮುಚ್ಚಳ ತೆಗೆದ ಕೂಡಲೇ ನಡುವೆ ಕುಸಿದು ಹಳ್ಳವಾಯಿತು. ಅದನ್ನೂ ಅಂಕಯ್ಯನವರೇ ತಿಂದರು.

"ಎಂಗದೆ ಅಪ್ಪಯ್ಯ?"

"ರಾಗಿಮುದ್ದೆಗೆ ಬೆಲ್ಲ ಆಕ್ದಂಗದೆ. ಕೆಟ್ಟದೇನಲ್ಲ ಕಣವ್ವ."

ಮಂಜುಶ್ರೀ ಅಳುವ ಹಾಗಾದಳು. ಆಮೇಲೆ ಅವಳೇ ಯೋಚಿಸಿ, ಹಿತ್ತಿಲ ಗೊನೆಯ ಕಳಿತ ಬಾಳೆಹಣ್ಣು ಕಿವುಚಿ ಹಿಟ್ಟಿಗೆ ಹಾಕಿದಳು. ರಾಗಿಯನ್ನು ಹುರಿದು ಜರಡಿ ಹಿಡಿದಳು. ಮುಚ್ಚಳ ತೆಗೆಯುವ ಆತುರ ತಡೆಯಲು ಕುಕ್ಕರಿಗೆ ಬೆನ್ನು ಮಾಡಿ ಕೂತಳು. ಮೂರನೆಯ ಕೇಕು ಎದ್ದು ನಿಂತಿತು. ಕಂದು ಬಣ್ಣ, ಮೇಲೆ ಸಣ್ಣ ಬಿರುಕು, ಮನೆ ತುಂಬ ಆಲೆಮನೆಯ ಹತ್ತಿರ ಬರುವಂಥ ಬೆಲ್ಲದ ವಾಸನೆ. ಪಟ್ಟಲಮ್ಮ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಅಂಕಯ್ಯನಿಗೆ ಆ ದಿನ ಒಂದೇ ಚೂರು ಸಿಕ್ಕಿತು.

*

ಬಣ್ಣ ಮಾತ್ರ ಬಾಕಿ. ಅಂಗಡಿಯ ಬಣ್ಣ ಸೌಮ್ಯಳಿಗೆ ಬೇಡವಾಗಿತ್ತು. ಹಲಸಿನ ಮರದ ತಿರುಳನ್ನು ನೀರಲ್ಲಿ ಕುದಿಸಿದರೆ ಕಾವಿ ಬಣ್ಣ ಇಳಿಯುತ್ತದೆ, ಕಾಡಿನಲ್ಲಿರುವ ಭಿಕ್ಖುಗಳು ಈಗಲೂ ಹಾಗೇ ಮಾಡುತ್ತಾರೆ ಎಂದು ಅವಳು ಓದಿದ್ದಳು. ಅದನ್ನು ಬಸ್ಸಿನಲ್ಲಿ ಹೇಳಿದಾಗ ನಯನ ಕಡ್ಡಿ ನಿಲ್ಲಿಸಿ, "ನಮ್ಮನೆ ಹಿತ್ಲಲ್ಲೇ ಹಲಸಿನ ಮರ ಬಿದ್ದದಲ್ಲೇ! ಮುಂಗಾರು ಗಾಳಿಗೆ ಬಿದ್ದಿದ್ದು. ನಮ್ಮತ್ತೇನ ಕೇಳ್ಬೇಕು ಅಷ್ಟೇ" ಎಂದಳು.

ಅಷ್ಟೇ ಎಂದದ್ದು ಅಷ್ಟು ಸುಲಭದ ಮಾತಲ್ಲ. ನಯನಳ ಅತ್ತೆ ಹೊಂಬಾಳಮ್ಮ ಮೇಲಿನ ಬೀದಿಯಲ್ಲಿ ಗಟ್ಟಿ ಬಾಯಿಗೆ ಹೆಸರಾದವರು. ಅವರ ಗದ್ದೆಗಳಲ್ಲಿ ಪಟ್ಟಲಮ್ಮ ಎಷ್ಟೋ ವರ್ಷ ನಾಟಿ ಹಾಕಿದ್ದರು. ಮಗನಿಗೆ ಕೆಲಸವಾದ ಮೇಲೆ ಕೂಲಿ ಬಿಟ್ಟರು, ಕೂಲಿಗೆ ನಿಲ್ಲುತ್ತಿದ್ದ ಆ ಮನೆಯ ಹಿತ್ತಿಲ ಕಡೆ ಆಮೇಲೆ ಕಾಲೂ ಹಾಕಿರಲಿಲ್ಲ. ಆದರೂ ಸೌಮ್ಯ ಹೊರಟಾಗ, "ನೀನೊಬ್ಳೇ ಯಾಕೋದಿಯೇ, ನಾನೂ ಬತ್ತೀನಿ" ಎಂದು ಸೆರಗು ಸರಿಮಾಡಿಕೊಂಡು ಜೊತೆಗೆ ಬಂದರು. ಹಿತ್ತಿಲ ಬಾಗಿಲಿಗಲ್ಲ, ಮುಂದಿನ ಬಾಗಿಲಿಗೇ ನಡೆದರು.

ಹೊಂಬಾಳಮ್ಮ ಜಗುಲಿಯಲ್ಲಿ ಮೊರ ಹಿಡಿದು ಕೂತಿದ್ದರು.

"ಏನ್ ಪಟ್ಟಲಮ್ಮ, ದಾರಿ ತಪ್ಪಿ ಬಂದ್ಯಾ?"

"ದಾರಿ ಗೊತ್ತಿದ್ದೇ ಬಂದೆ ಕಣವ್ವ. ನಿಮ್ಮ ಬಿದ್ದಿರೋ ಅಲಸಿನ ಮರದ್ದು ಚಕ್ಕೆ ಬೇಕಿತ್ತು."

"ಸೌದೆಗಾ?"

"ಬಟ್ಟೆಗೆ."

"ಮರ ಬೇಯ್ಸಿ ಬಟ್ಟೆಗಾಕ್ತೀರಾ?" ಹೊಂಬಾಳಮ್ಮ ಮೊರ ಪಕ್ಕಕ್ಕಿಟ್ಟರು. "ಯಾರ್ ಬಟ್ಟೆಗೆ?"

ನಯನ ಬಾಗಿಲ ಮರೆಯಿಂದ ನೋಡುತ್ತಿದ್ದಳು. "ನಮ್ಮ ವಿಹಾರದ ಭಂತೇಜಿಗೆ ಚೀವರ ಹೊಲೀತಾ ಇದೀವಿ ಅಮ್ಮ" ಎಂದಳು ಸೌಮ್ಯ.

ಹೊಂಬಾಳಮ್ಮ ಮಡಿಲಿಗೆ ಬಿದ್ದ ಹೊಟ್ಟು ಕೊಡವಿದರು. ಆಮೇಲೆ, "ಆ ಉದ್ದುಕಿನ ಸ್ವಾಮಿಗಾ? ದಿನಾ ನಾಲೆ ಏರಿ ಮೇಲೆ ಬರಿಗಾಲಲ್ಲಿ ನಡೀತದಲ್ಲ. ನನ್ ಮೊಮ್ಮಗೀಗೆ ಕಾಲಿಗೆ ಮುಳ್ಳು ಚುಚ್ಕಂಡಾಗ ತೆಗ್ದು ಕಳಿಸ್ದ, ಪುಣ್ಯಾತ್ಮ" ಎಂದವರು ಎದ್ದೇಬಿಟ್ಟರು. "ಬೇಕಾದಷ್ಟು ತಕ್ಕೋಗಿ. ಆದ್ರೆ ಬಣ್ಣ ಎಂಗ್ ಬತ್ತದೆ ಅಂತ ನಾನು ನೋಡ್ಬೇಕು. ಕುದ್ಸೋ ದಿನ ಏಳ್ ಕಳ್ಸಿ, ಬತ್ತೀನಿ."

ದಸರಾ ರಜೆಯಲ್ಲಿ ಸೌಮ್ಯ ಬಟ್ಟೆ ಕತ್ತರಿಸಿ ಹೊಲಿದಳು. ಪಟ್ಟಲಮ್ಮ ಮಿಷನ್ನಿನ ಪಕ್ಕದಲ್ಲಿ ಕೂತು, ಬದು ಸೇರುವ ಕಡೆ ಬಟ್ಟೆ ಹಿಡಿದುಕೊಡುತ್ತಿದ್ದರು. ಬಿಳಿ ಬಟ್ಟೆಯಲ್ಲೇ ಚೀವರ ಪೂರ್ತಿ ಮುಗಿಯಿತು. ಅಂಕಯ್ಯ ಭಂತೇಜಿಯಷ್ಟೇ ಎತ್ತರ. ಅವರನ್ನು ನಿಲ್ಲಿಸಿ ಹೊದಿಸಿ ನೋಡಿದರು. ಹಿಮ್ಮಡಿಯ ಮೇಲೆ ಸರಿಯಾಗಿ ನಿಂತಿತು. ಅಂಕಯ್ಯ ಆ ಬಿಳಿ ಬಟ್ಟೆಯಲ್ಲೇ ಅಂಗಳದಲ್ಲಿ ಗಂಭೀರವಾಗಿ ಎರಡು ಸುತ್ತು ಹಾಕಿದರು. ಮಂಜುಶ್ರೀ ಬಿದ್ದು ಬಿದ್ದು ನಕ್ಕಳು.

ದೀಪಾವಳಿಯ ಮರುದಿನ ಅಂಗಳದಲ್ಲಿ ಮೂರು ಕಲ್ಲಿಟ್ಟು, ಮದುವೆಗೆ ಅನ್ನ ಮಾಡುವ ಹಂಡೆ ಏರಿಸಿದರು. ಸೌಮ್ಯಳ ಗಂಡ ರವಿಚಂದ್ರ ಮದ್ದೂರಿನ ಕೆಲಸಕ್ಕೆ ರಜ ಹಾಕಿ ಹಲಸಿನ ತಿರುಳನ್ನು ಚಕ್ಕೆ ಚಕ್ಕೆಯಾಗಿ ಸೀಳಿದ. ಹೊಂಬಾಳಮ್ಮ ಹೇಳಿದ ಹಾಗೆ ಬಂದರು, ನಯನಳ ಕೈ ಹಿಡಿದು, ಕೆಳಗಿನ ಬೀದಿಯ ಆ ಅಂಗಳದ ಕಲ್ಲಿನ ಮೇಲೆ ಕೂತರು. ಆ ಮನೆಯ ಕಲ್ಲಿನ ಮೇಲೆ ಅವರು ಕೂತದ್ದು ಅದೇ ಮೊದಲು. ಮಂಜುಶ್ರೀ ಟೀ ತಂದು ಮುಂದೆ ಹಿಡಿದಳು. ಲೋಟದಿಂದ ಹಬೆ ಏಳುತ್ತಿತ್ತು. ಪಟ್ಟಲಮ್ಮ ಬೇರೆ ಕಡೆ ನೋಡುತ್ತಾ ಒಲೆಗೆ ಸೌದೆ ತಳ್ಳಿದರು. ಹೊಂಬಾಳಮ್ಮ ಲೋಟ ತೆಗೆದುಕೊಂಡು, ಊದಿ ಊದಿ ಕುಡಿದು, "ಸಕ್ಕರೆ ಮುಂದಾತು ಕಣವ್ವ" ಎಂದರು.

ನೀರು ಮೊದಲು ಹಳದಿಯಾಯಿತು, ಆಮೇಲೆ ಜೇನಿನ ಬಣ್ಣ, ಆಮೇಲೆ ಸುಟ್ಟ ಬೆಲ್ಲದ ಬಣ್ಣ. "ಅಯ್ಯೋ, ನೋಡೆ! ಈ ಮರದೊಳ್ಗೆ ಇಷ್ಟು ದಿನ ಇದೆಲ್ಲಾ ಇತ್ತಾ!" ಎಂದು ಹೊಂಬಾಳಮ್ಮ ಎದ್ದು ಬಂದು ಹಂಡೆಯೊಳಗೆ ಬಗ್ಗಿದರು. ಬಿಳಿ ಚೀವರವನ್ನು ಇಳಿಸಿ, ಕೋಲಲ್ಲಿ ತಿರುವಿ, ಕುದಿಸಿ, ಎತ್ತಿ, ನೆರಳಲ್ಲಿ ಹಗ್ಗಕ್ಕೆ ಹರವಿದರು. ಗಾಳಿ ಬಂದಾಗ ಆ ಬಣ್ಣ ಬೀದಿಯವರೆಗೂ ಹೊಳೆಯಿತು. ಹೋಗುವವರು ಬರುವವರೆಲ್ಲ ನಿಂತು ನೋಡಿದರು.

ಸಂಜೆ ಒಣಗಿದ ಮೇಲೆ ಮತ್ತೆ ಅಂಕಯ್ಯನಿಗೆ ಹೊದಿಸಿದರು. ಬಟ್ಟೆ ಮೀನಖಂಡದ ಮೇಲೇ ನಿಂತಿತು. ಎದೆಯ ಮೇಲೆ ಸುತ್ತಿ ಹೆಗಲಿಗೆ ಹಾಕಲು ಅಗಲವೂ ಸಾಲಲಿಲ್ಲ.

ಸೌಮ್ಯಳಿಗೆ ಕೂಡಲೇ ಗೊತ್ತಾಯಿತು, ಬಟ್ಟೆ ಕುದ್ದು ಕುಗ್ಗಿತ್ತು. ಹೊಸ ಕಾಟನ್ನನ್ನು ಮೊದಲು ನೀರಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಕತ್ತರಿಸಬೇಕು. ಒಂದು ರವಿಕೆಗೂ ಅವಳು ಅದನ್ನು ತಪ್ಪದೆ ಮಾಡುತ್ತಿದ್ದಳು. ಈ ಸಲ ಉತ್ಸಾಹದಲ್ಲಿ ಮರೆತೇಬಿಟ್ಟಿದ್ದಳು. ದಾನಕ್ಕೆ ಉಳಿದಿದ್ದು ಬೆರಳೆಣಿಕೆಯ ದಿನ.

"ನಾಗಪುರಕ್ಕೆ ಪೋನ್ ಮಾಡ್ಲಾ ಮಗ?" ಎಂದು ಅಂಕಯ್ಯ ಮೆತ್ತಗೆ ಕೇಳಿದರು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಆ ಮೆತ್ತಗಿನ ದನಿಗೆ ಅವಳ ಕಣ್ಣು ತುಂಬಿತು. ಚೀವರವನ್ನು ಮಡಿಸಿ ಒಳಗೆ ತೆಗೆದುಕೊಂಡು ಹೋಗಿ ಚಾಪೆಯ ಮೇಲೆ ಹರಡಿ ಕೂತಳು. ಬಣ್ಣ ಮಾತ್ರ ಎಷ್ಟು ಚೆನ್ನಾಗಿತ್ತು! ಕೈಯಿಂದ ಸವರಿದಳು. ಒಂದು ಬದು, ಇನ್ನೊಂದು ಬದು. ಐದು ಪಟ್ಟೆ.

ಐದು. ಏಳು. ಒಂಬತ್ತು.

"ಅತ್ತೆ!" ಎಂದು ಅವಳು ಕೂಗಿದ ಕೂಗಿಗೆ ಪಟ್ಟಲಮ್ಮ ಒಲೆ ಬಿಟ್ಟು ಓಡಿ ಬಂದರು. "ಇನ್ನೆರಡು ಪಟ್ಟೆ ಸೇರಿಸಿದ್ರೆ ಏಳಾಗ್ತದೆ! ಅಗಲ ಸರಿಹೋಗ್ತದೆ. ಸುತ್ತ ಇರೋ ಅಂಚು ಬಿಚ್ಚಿ, ದೊಡ್ಡ ಅಂಚು ಕೊಟ್ರೆ ಉದ್ದಾನೂ ಬರ್ತದೆ. ಥಾನಲ್ಲಿ ಬಟ್ಟೆ ಉಳಿದಿದೆ, ಹಂಡೇಲಿ ಬಣ್ಣ ಉಳಿದಿದೆ!"

ಪಟ್ಟಲಮ್ಮ ಬಟ್ಟೆ ನೋಡಿದರು, ಸೊಸೆಯ ಮುಖ ನೋಡಿದರು. "ಪಕ್ಕದಲ್ಲಿ ಎಲ್ಡು ಗದ್ದೆ ಕೊಂಡಂಗಾತು ಅನ್ನು" ಎಂದು ನಗತೊಡಗಿದರು. "ಆದ್ರೆ ನಿನ್ ಸಾಲೆ ಸುರುವಾಯ್ತದಲ್ಲಮ್ಮಿ. ಒಬ್ಳೇ ಎಂಗ್ ಮುಗಿಸಿಯೇ?"

"ಶನಿವಾರ ಮಧ್ಯಾಹ್ನ ಒಂದೇ ಇದೆ."

"ಅದ್ನ ನಂಗ್ ಬುಡು."

ಈ ಸಲ ಸೌಮ್ಯ ಬಟ್ಟೆಯನ್ನು ಮೊದಲು ಕುದಿಸಿ, ಬಣ್ಣ ಹಾಕಿ, ಒಣಗಿಸಿ, ಆಮೇಲೇ ಕತ್ತರಿ ಮುಟ್ಟಿದಳು. ಶನಿವಾರ ಸಾಲೆ ಮುಗಿಸಿ ನಯನಳ ಜೊತೆ ಬಸ್ಸಿಳಿದು ವಿಹಾರಕ್ಕೆ ಬಂದರೆ, ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಬೆಳಗಿನಿಂದ ಪಟ್ಟಲಮ್ಮ ಕೂಲಿಯಿಲ್ಲದೆ ಒಬ್ಬರ ಗದ್ದೆಗೊಬ್ಬರು ನಾಟಿಗೆ ಹೋಗಿಬರಲು ಕರೆಯುವ ಹಾಗೆ ಮನೆಮನೆಗೆ ಹೋಗಿ, "ಸೂಜಿ ತಕ್ಕೊಂಡು ಬನ್ರಮ್ಮಿ, ಮುಯ್ಯಾಳು" ಎಂದು ಕೂಗಿ ಬಂದಿದ್ದರು. ಕೆಳಗಿನ ಬೀದಿಯ ಹೆಂಗಸರು ಚಾಪೆಯ ಮೇಲೆ ಎರಡು ಸಾಲಾಗಿ ಕೂತಿದ್ದರು. ಅವರ ನಡುವೆ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಹೊಂಬಾಳಮ್ಮ.

"ಬಾ ಬಾ ಮೇಷ್ಟ್ರಮ್ಮ. ದಾರ ಪೋಣ್ಸಿಕೊಡು, ನನ್ ಕಣ್ಗೆ ಸೂಜಿ ಕಣ್ಣು ಕಾಣಕಿಲ್ಲ" ಎಂದರು.

ಕರೆಂಟು ಹೋಯಿತು, ಯಾರೂ ಅದನ್ನು ಲೆಕ್ಕಕ್ಕಿಡಲಿಲ್ಲ. ಬಾಗಿಲು ಕಿಟಕಿ ತೆಗೆದಿದ್ದರು, ಬಿಸಿಲು ಚೆನ್ನಾಗಿ ಬರುತ್ತಿತ್ತು. ಹಳೇ ಅಂಚನ್ನು ಇಬ್ಬರು ಬಿಚ್ಚಿದರು. ಹೊಸ ಪಟ್ಟೆಯ ಒಂದೊಂದು ಬದುವಿಗೆ ಇಬ್ಬಿಬ್ಬರು ಕೂತರು. ನಯನ ಅಳತೆ ಹಿಡಿದಳು, ಸೌಮ್ಯ ಪಿನ್ನು ಹಾಕುತ್ತಾ ಮಂಡಿಯ ಮೇಲೆ ಅತ್ತಿಂದಿತ್ತ ಹರಿದಾಡಿದಳು. ಮಾತು, ನಗು, ಒಬ್ಬರನ್ನೊಬ್ಬರು ಚುಡಾಯಿಸುವುದು. ನಾಟಿಯಲ್ಲಿ ಹಾಡುವ ಹಾಗೆ ಯಾರೋ ಹಾಡು ಎತ್ತಿಕೊಂಡರು, ಉಳಿದವರು ಸೊಲ್ಲು ಸೇರಿಸಿದರು. ಭಂತೇಜಿ ತಮ್ಮ ಕೋಣೆಯಲ್ಲೇ ಇದ್ದರು. ದಾನಕ್ಕೆ ಮುಂಚೆ ನೋಡಬಾರದೆಂದು ಮಂಜುಶ್ರೀ ಅವರ ಬಾಗಿಲಿಗೆ ಕಾವಲು ಕೂತಿದ್ದಳು. ಹೊತ್ತು ಇಳಿಯುವ ಮೊದಲೇ ಕೊನೆಯ ದಾರದ ಗಂಟು ಬಿತ್ತು. ಗಂಟು ಹಾಕಿ ಹಲ್ಲಲ್ಲಿ ದಾರ ಕಚ್ಚಿದವರು ಪಟ್ಟಲಮ್ಮ.

*

ಭಾನುವಾರ ಬೆಳಗ್ಗೆ ಮೈಸೂರು, ಬೆಂಗಳೂರಿನಿಂದ ನಾಲ್ವರು ಭಿಕ್ಖುಗಳು ಬಂದರು. ವಿಹಾರದಲ್ಲಿ ಕೂರಲು ಜಾಗ ಸಾಲದೆ ಜನ ಹೊರಗೆ ಶಾಮಿಯಾನದ ಕೆಳಗೆ ಕೂತರು. ಅಂಕಯ್ಯ ಚೀವರವನ್ನು ತಟ್ಟೆಯಲ್ಲಿಟ್ಟು ತಲೆಯ ಮೇಲೆ ಹೊತ್ತು ತಂದರು. ಬೀದಿಯವರೆಲ್ಲ ಸಾಲಾಗಿ ಬಂದು ತಟ್ಟೆಯನ್ನು ಒಂದೊಂದು ಗಳಿಗೆ ಮುಟ್ಟಿದರು. ಹಿರಿಯ ಭಿಕ್ಖು ಚೀವರ ಬಿಡಿಸಿದರು. ಹಳೇ ಪಟ್ಟೆಗಳಿಗೂ ಹೊಸ ಎರಡು ಪಟ್ಟೆಗಳಿಗೂ ಬಣ್ಣದಲ್ಲಿ ಕೊಂಚ ವ್ಯತ್ಯಾಸವಿತ್ತು. ಒಂದು ಕಡೆ ಮಿಷನ್ನಿನ ಹೊಲಿಗೆ, ಇನ್ನೊಂದು ಕಡೆ ಹತ್ತಾರು ಕೈಗಳ ಹೊಲಿಗೆ, ಕೆಲವು ಇರುವೆ ಸಾಲಿನಂತೆ ಸಣ್ಣ, ಕೆಲವು ಅಕ್ಕಿಕಾಳಿನಷ್ಟು ದೊಡ್ಡವು. ಅವರು ಆ ಕೈಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿ, ಸೌಮ್ಯಳ ಕಡೆ ನೋಡಿ, "ಎಷ್ಟು ಜನ ಹೊಲಿದಿರಮ್ಮ?" ಎಂದು ಕೇಳಿದರು.

"ಬೀದಿಗೆ ಬೀದೀನೇ ಭಂತೇ" ಎಂದಳು.

"ಸಾಧು" ಎಂದು ಮೆಚ್ಚಿದರು ಅವರು. ಶಾಮಿಯಾನದ ಕೆಳಗಿದ್ದವರೆಲ್ಲ ಒಟ್ಟಿಗೆ "ಸಾಧು, ಸಾಧು, ಸಾಧು" ಎಂದಾಗ ಸೌಮ್ಯಳ ಮೈಯೆಲ್ಲ ಜುಮ್ಮೆಂದಿತು.

ಭಂತೇಜಿ ಒಳಗೆ ಹೋಗಿ ಹೊಸ ಚೀವರ ಹೊದ್ದು ಬಂದರು. ಹಿಮ್ಮಡಿಯ ಮೇಲೆ ನಿಂತಿತ್ತು. ಮಧ್ಯಾಹ್ನಕ್ಕೆ ಮುಂಚಿನ ಊಟದಲ್ಲಿ ಅನ್ನ, ಹುರುಳಿ ಸಾರು, ಪಾಯಸದ ಪಕ್ಕದಲ್ಲಿ ರಾಗಿ ಕೇಕಿನ ತುಂಡುಗಳು. ಹಿರಿಯ ಭಿಕ್ಖು ಎರಡನೇ ಸಲ ತಟ್ಟೆ ಮುಂದೆ ಸರಿಸಿದಾಗ ಮಂಜುಶ್ರೀ ಅಡುಗೆಯ ಕಡೆ ಓಡಿ ಬಂದು ಅಣ್ಣನ ಬೆನ್ನಿಗೆ ಗುದ್ದಿದಳು. ಟೋಪಿಯೂ ಸರಿಯಾದ ತಲೆಯನ್ನೇ ಸೇರಿತು. ಒಂದು ಕಿವಿ ಮಾತ್ರ ಸ್ವಲ್ಪ ಹೊರಗೆ ಉಳಿಯುತ್ತಿತ್ತು. "ಚಲೋ ಆತು. ಒಂದು ಕಿವಿ ನೀವು ಅಂದದ್ದು ಕೇಳಲಿಕ್ಕೆ ಬೇಕಲ್ಲ" ಎಂದರು ಭಂತೇಜಿ.

ಸೋಮವಾರ ಬೆಳಗ್ಗೆ ಸೌಮ್ಯ ಬಸ್‌ಸ್ಟಾಪಿಗೆ ಬಂದಾಗ ಭಂತೇಜಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಅಲ್ಲಿ ನಿಂತಿದ್ದರು. ಅಂಕಯ್ಯ ಕಳಿಸಿಕೊಡಲು ಬಂದಿದ್ದರು. ಮಳೆಗಾಲ ಮುಗಿದ ಮೇಲೆ ಭಿಕ್ಖುಗಳು ಒಂದೆಡೆ ನಿಲ್ಲುವುದಿಲ್ಲ, ಊರೂರು ತಿರುಗುತ್ತಾರೆ. ಇದು ಅವಳಿಗೆ ಗೊತ್ತಿರದ ಸಂಗತಿಯಲ್ಲ. ಆದರೂ ಇಷ್ಟು ದಿನ ಹೊಲಿಯುವ ಗಡಿಬಿಡಿಯಲ್ಲಿ, ಹೊಲಿದದ್ದು ಊರು ಬಿಟ್ಟು ಹೋಗುತ್ತದೆ ಅನ್ನುವುದೇ ಅವಳಿಗೆ ಹೊಳೆದಿರಲಿಲ್ಲ.

"ಎಲ್ಲಿಗೆ ಭಂತೇ?"

"ಮೊದಲು ಮಳವಳ್ಳಿ. ಆಮ್ಯಾಲ ಮೆಲ್ಲಕ ನಮ್ಮ ಕಡಿ, ಸನ್ನತಿಯ ಸ್ತೂಪಕ್ಕ. ಬ್ಯಾಸಿಗಿ ಎಲ್ಲಾದ್ರೂ ಗುಡ್ಡದಾಗ ಕಳೀತದ."

ಮಳವಳ್ಳಿ ಬಸ್ಸು ಮೊದಲು ಬಂತು. ಅವರು ಕೈ ಎತ್ತಿ ಹರಸಿ ಹತ್ತಿದರು. ಸೌಮ್ಯಳ ಎದೆಯಲ್ಲಿ ಒಂದು ಚಣ ಏನೋ ಖಾಲಿಯಾದಂತಾಯಿತು. ಬಸ್ಸು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಾ ನಿಂತಳು. ಅಷ್ಟರಲ್ಲಿ ನಯನ ಓಡುತ್ತಾ ಬಂದು ಅವಳ ತೋಳಿಗೆ ತೋಳು ಸೇರಿಸಿದಳು.

"ಹೋದ್ರಾ? ಅಯ್ಯೋ, ನಮ್ಮತ್ತೆ ಚಕ್ಕುಲಿ ಕಟ್ಟಿಕೊಟ್ಟಿದ್ರು ಕಣೆ ಅವರಿಗೆ, ದಾರಿಗೆ ಅಂತ."

"ಸನ್ನತಿಗೆ ಹೋಗ್ತಾರಂತೆ" ಎಂದಳು ಸೌಮ್ಯ. "ನಾನು ಸನ್ನತಿ ನೋಡೇ ಇಲ್ಲ ನಯನ. ನಮ್ಮತ್ತೆಯಂತೂ ಮೈಸೂರು ಬಿಟ್ಟು ಆಚೆ ಹೋಗಿಲ್ಲ. ಅವರ ಹೊಲಿಗೆ ಹೋಗ್ತಾ ಇದೆ ನೋಡು."

ಹೇಳುತ್ತಿದ್ದ ಹಾಗೆ ಅವಳ ಮುಖ ಅರಳಿತು. ಮಂಡ್ಯದ ಬಸ್ಸು ಬಂದು ನಿಂತಿತು. ಇಬ್ಬರೂ ಹತ್ತಿ, ಕಿಟಕಿಯ ಪಕ್ಕದ ಸೀಟು ಹಿಡಿದು, ಚಕ್ಕುಲಿಯ ಪೊಟ್ಟಣ ಬಿಚ್ಚಿದರು.